ಹಾಲಿಗೆ ಹಿಂಡಿದ ನಿಂಬೆ

ಮಾರ್ಬಲ್ ಪಾಲಿಶ್ ಮಾಡಲು ಆಳು ಯಾಕೆ, ಮನೆಯಲ್ಲಿ ಗಂಡ ಅಂತ ಒಬ್ಬನಿಲ್ಲವೇ ಎಂದು ಅಶೋಕಪುರಂನ ನಾಗೇಂದ್ರನಿಗೆ ಅನ್ನಿಸಿದ್ದೇ ತಡ, ಬಾಡಿಗೆಯ ಮೆಷಿನ್ನೊಂದು ಆಟೋದಲ್ಲಿ ಬಂದಿಳಿಯಿತು. ಭಾನುವಾರ ಹೆಂಡತಿ ಚಲುವಮ್ಮನ ಅಕ್ಕ ಸುಂದರಮ್ಮ ಸಿದ್ಧಾರ್ಥನಗರದಿಂದ ಊಟಕ್ಕೆ ಬರುವವಳಿದ್ದಳು. ಅಷ್ಟರೊಳಗೆ ಹಾಲಿನ ನೆಲ ಹೊಳೆಯಬೇಕು. ಆ ಬಿಳಿ ಮಾರ್ಬಲ್ ಅಂದರೆ ಚಲುವಮ್ಮನಿಗೆ ಪ್ರಾಣ. ಮನೆ ಕಟ್ಟುವಾಗ ಮೂರು ದಿನ ಅಂಗಡಿಯಲ್ಲಿ ನಿಂತು, ಒಂದೊಂದು ಕಲ್ಲಿಗೂ ನೀರು ಚಿಮುಕಿಸಿ ನೋಡಿ ಆರಿಸಿದ್ದಳು.

"ಮೆಷಿನ್ ಜೊತೆ ಉಜ್ಜೋಕೆ ಏಳು ಬಿಲ್ಲೆ ಕೊಟ್ಟಿದ್ದಾರಲ್ರೀ, ಒರಟಿನಿಂದ ನಯಕ್ಕೆ ಒಂದಾದ ಮೇಲೊಂದು ಹಾಕ್ಬೇಕಂತೆ" ಎಂದಳು.

"ಮೊದಲನೇದು, ಕೊನೇದು ಸಾಕು ಕಣೆ. ಮಧ್ಯದವೆಲ್ಲ ಬರೀ ಗಿಮಿಕ್ಕು."

(ಒಂದನೇ ಕ್ಲಾಸಿನ ಮಗುವನ್ನು ನೇರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುವ ಮಹಾ ಶಿಕ್ಷಣತಜ್ಞ!)

ಎರಡೇ ಬಿಲ್ಲೆಯಲ್ಲಿ ಪಾಲಿಶ್ ಮುಗಿದು, ಶುಕ್ರವಾರ ಮಧ್ಯಾಹ್ನ ನೆಲ ಒಣಗಿತು. ಕಿಟಕಿಯ ಬಿಸಿಲು ಬಿದ್ದಾಗ ನೋಡಿದರೆ ಗೋಡೆಯಿಂದ ಗೋಡೆಗೆ ಸುರುಳಿ ಸುರುಳಿ ಗೀರು, ಯಾರೋ ಜಿಲೇಬಿ ಬಿಟ್ಟ ಹಾಗೆ. ಗಾಬರಿಬಿದ್ದ ನಾಗೇಂದ್ರ, ತಾಮ್ರದ ಚೊಂಬು ಹೊಳೆಸುವ ನಿಂಬೆ ನೆಲ ಹೊಳೆಸದೇ ಎಂದು ಎಂಟು ಹಣ್ಣು ಹಿಂಡಿ ತಿಕ್ಕಿದ. ಜಿಲೇಬಿಯ ಮೇಲೆ ಈಗ ಸುಣ್ಣ ಚೆಲ್ಲಿದಂಥ ಮಂಕು ಕಲೆಗಳೂ ಎದ್ದವು.

ಚಲುವಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸೆರಗಿನ ತುದಿಯಿಂದ ಒಂದು ಕಲೆಯನ್ನು ಮೆಲ್ಲಗೆ ಒರೆಸಿ, ಅದು ಹೋಗದ್ದನ್ನು ಕಂಡು ಅಡುಗೆಮನೆಗೆ ನಡೆದಳು.

ಮರುದಿನ ಬೆಳಗ್ಗೆಯೇ ನಾಗೇಂದ್ರ ಉದಯಗಿರಿಗೆ ಓಡಿ, ಮೂವತ್ತು ವರ್ಷದಿಂದ ಕಲ್ಲುನೆಲಗಳಿಗೆ ಪಾಲಿಶ್ ಹಾಕುತ್ತಿದ್ದ ಮಂಗಳಮ್ಮನನ್ನು ಕರೆತಂದ. ಅವಳು ಮಂಡಿಯೂರಿ, ಕಣ್ಣು ಮುಚ್ಚಿ, ನೆಲದ ಮೇಲೆ ಅಂಗೈ ಆಡಿಸಿದಳು, ನಾಡಿ ಹಿಡಿದ ವೈದ್ಯರ ಹಾಗೆ.

"ನಡುವಿನ ಬಿಲ್ಲೆ ಬುಟ್ಬುಟ್ಟವ್ರೆ. ಹುಳಿ ಬೇರೆ ಬಿದ್ದದೆ. ನಿಂಬೆಹಣ್ಣಾ?"

"ಎಂಟೇ ಎಂಟು..."

"ಹಾಲಿಗೆ ನಿಂಬೆಹಣ್ಣು ಹಿಂಡುದ್ರೆ ಒಡೀದೆ ಇದ್ದದಾ ಸಾರ್? ಮಾರ್ಬಲ್ಲಿಗೆ ಹುಳಿ ತಾಕುದ್ರೆ ಮುಖ ಸುಟ್ಟೋಯ್ತದೆ."

"ಸರಿಹೋಗುತ್ತಾ ಮಂಗಳಮ್ಮ?" ಬಾಗಿಲಲ್ಲಿ ನಿಂತಿದ್ದ ಚಲುವಮ್ಮ ಕೇಳಿದಳು.

"ಕಲ್ಲು ಎಲ್ಗೂ ಓಗಿಲ್ಲ ಕಣಮ್ಮ. ಒಳ್ಗೇ ಅದೆ."

ಮತ್ತೆ ಒರಟು ಬಿಲ್ಲೆಯಿಂದ ಶುರು. ಒಂದೊಂದು ಬಿಲ್ಲೆ ಮುಗಿದಾಗಲೂ ಅರೆದ ಕಲ್ಲಿನ ಕೆಸರನ್ನೆಲ್ಲ ತೊಳೆದು ತೆಗೆದಳು. ಹಳೆಯ ಕೆಸರು ಉಳಿದರೆ ಅದೇ ಗೀರುತ್ತದಂತೆ. ಮೂರನೆಯದಕ್ಕೆ ಜಿಲೇಬಿ ಕರಗಿತು. ಐದನೆಯದಕ್ಕೆ ನೆಲದೊಳಗೊಂದು ಕಿಟಕಿ ಮೂಡಿತು. ಏಳನೆಯದು ಮುಗಿದಾಗ ಕಲ್ಲಿನ ಆಳದಿಂದ ನಸುಬೂದು ಎಳೆಗಳು ಎದ್ದುಬಂದವು. ತೆಳ್ಳಗೆ, ಸಾಂಬ್ರಾಣಿ ಹೊಗೆಯ ಹಾಗೆ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹರಿದು ಹೋಗಿದ್ದವು. ಹದಿನೆಂಟು ವರ್ಷ ಇದರ ಮೇಲೆಯೇ ಓಡಾಡಿ, ಪೇಪರು ಹಾಸಿ ಉಗುರು ಕತ್ತರಿಸಿಕೊಂಡಿದ್ದ ನಾಗೇಂದ್ರ ಬಾಯಿ ತೆರೆದು ನಿಂತ. ಅವನಿಗೇ ತಿಳಿಯದೆ ಕೈ ಮುಗಿದುಹೋಗಿತ್ತು.

"ಇದೇ ಕಣ್ರೀ, ಅವತ್ತು ಅಂಗಡೀಲಿ ನಾನು ನೋಡಿದ್ದು" ಎಂದಳು ಚಲುವಮ್ಮ, ಕಣ್ಣೊರೆಸಿಕೊಂಡು.

ಭಾನುವಾರ ಬಂದ ಸುಂದರಮ್ಮ, ಕೆರೆಯ ದಡದಲ್ಲಿ ನಿಂತವಳಂತೆ ಹೊಸ್ತಿಲಲ್ಲೇ ಸೀರೆ ಎತ್ತಿ ಹಿಡಿದು ನಿಂತುಬಿಟ್ಟಳು. "ಅಬ್ಬಬ್ಬಾ! ಯಾರೇ ಮಾಡಿದ್ದು ಇದನ್ನ?"

ನಾಗೇಂದ್ರನಿಗೆ ಸುಮ್ಮನಿರಲಾಗಲಿಲ್ಲ. "ನಾನೇ ಅಕ್ಕ. ಎಲ್ಲಾ ಸ್ವಹಸ್ತದಿಂದ."

ಪಾಯಸ ಬಡಿಸಲು ಬಂದ ಚಲುವಮ್ಮ ಗಂಡನನ್ನೊಮ್ಮೆ ನೋಡಿ ಸಿಹಿಯಾಗಿ ನಕ್ಕಳು. "ಹೂಂ ಕಣಕ್ಕ, ಚೆನ್ನಾಗಿ ಕಲ್ತ್‌ಬಿಟ್ಟಿದ್ದಾರೆ. ನಿಮ್ಮನೇದೂ ಮಂಕಾಗಿದೆ ಅಂತಿದ್ಯಲ್ಲ, ಮುಂದಿನ ಭಾನುವಾರ ಕಳಿಸ್ತೀನಿ. ಎಷ್ಟು ಅಂತಸ್ತು ಅಂತ ಇವರಿಗೆ ಹೇಳಕ್ಕ."

"ಮೂರು!"

ಮುಂದಿನ ಭಾನುವಾರ ಸಿದ್ಧಾರ್ಥನಗರದಲ್ಲಿ ಪ್ಯಾಂಟು ಮಡಚಿ ಬಕೆಟ್ ಹಿಡಿದ ನಾಗೇಂದ್ರ, ಕೈಕಾಲು ಹಿಡಿದು ಕರೆತಂದಿದ್ದ ಮಂಗಳಮ್ಮನ ಹಿಂದೆ ಹಿಂದೆ ನಡೆಯುತ್ತಿದ್ದ. ಕಾಫಿ ತಂದ ಸುಂದರಮ್ಮ "ಈಯಮ್ಮ ಯಾರು?" ಎಂದಳು. "ನನ್ನ ಅಸಿಸ್ಟೆಂಟು" ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಮಂಗಳಮ್ಮ ಮೆಷಿನ್ ನಿಲ್ಲಿಸಿದಳು.

"ಸಾರ್ ಹೊಸಬ್ರು ಕಣಮ್ಮ, ಮೆಷಿನ್ ಕೈಗೆ ಕೊಡೋ ಹಂಗಿಲ್ಲ. ಸದ್ಯಕ್ಕೆ ನೀರು ಹುಯ್ಯಕ್ಕೆ ಮಡಿಕ್ಕಂಡಿವ್ನಿ."