ಮೂವತ್ತಡಿ ಆಳದ ಹದಿನೇಳನೇ ನಂಬರ್ ಬಸ್ಸು

ಅರವತ್ತೇಳರ ವೆಂಡೆಲ್ ಪ್ರೂಯಿಟ್‌ನ ಮೈಯಲ್ಲಿ ಎಲ್ಲ ಅಂಗಗಳೂ ಹೇಳಿದ ಮಾತು ಕೇಳುತ್ತಿದ್ದವು, ಎಡಗಿವಿ ಒಂದನ್ನು ಬಿಟ್ಟು. ನೀರಿನಲ್ಲಿ ಒಂಬತ್ತು ಅಡಿ ಇಳಿದರೆ ಸಾಕು, ಊಟದ ಹೊತ್ತಿನ ಕಚೇರಿ ಕಿಟಕಿಯ ಹಾಗೆ ಧಡಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಯಾರೋ ಒಳಗೆ ಸೂಜಿಯಿಟ್ಟು ತಿರುವಿದಂಥ ನೋವು. ನಾಲ್ಕು ಶನಿವಾರ ಹೀಗೇ ಸೋತು ಮೇಲೆ ಬಂದಿದ್ದ. ಇವತ್ತು ಐದನೆಯದು. ಸಂಜೆ ನಾಲ್ಕಕ್ಕೆ ಕ್ವಾರಿಯ ಗೇಟು ಚಳಿಗಾಲಕ್ಕೆಂದು ಮುಚ್ಚುತ್ತದೆ.

ಮಿಸ್ಸೂರಿಯ ಆ ಊರಿಗೆ ಸಮುದ್ರ ನೂರಾರು ಮೈಲಿ ದೂರ. ಹಾಗಾಗಿ ಸ್ಕೂಬಾ ಹುಚ್ಚಿನವರೆಲ್ಲ ನೀರು ತುಂಬಿದ ಈ ಹಳೇ ಕಲ್ಲುಕ್ವಾರಿಯಲ್ಲೇ ಮುಳುಗಿ ಏಳುತ್ತಿದ್ದರು. ಹವಳ ಎಲ್ಲಿಂದ ಬರಬೇಕು? ನೋಡಲಿಕ್ಕೆ ಏನಾದರೂ ಇರಲಿ ಅಂತ ಒಂದು ದೋಣಿ, ಒಂದು ಟ್ರ್ಯಾಕ್ಟರು, ಒಂದು ಶಾಲಾ ಬಸ್ಸು ಮುಳುಗಿಸಿಟ್ಟಿದ್ದರು.

ವೆಂಡೆಲ್‌ಗೆ ಬೇಕಾಗಿದ್ದದ್ದು ಆ ಬಸ್ಸು. ಇಪ್ಪತ್ತಾರು ವರ್ಷ ಹಿಮದಲ್ಲಿ, ಮಂಜಿನಲ್ಲಿ ಒಂದು ಮಗುವಿಗೂ ಗೀರು ಬೀಳದ ಹಾಗೆ ಹದಿನೇಳನೇ ನಂಬರ್ ಬಸ್ಸು ಓಡಿಸಿದವನಿಗೆ, ಶಾಲಾ ಸಮಿತಿಯವರು ಬೇಸಿಗೆ ರಜೆಯಲ್ಲಿ ಕೆಲಸ ಇನ್ನು ಸಾಕೆಂದು ಒಂದು ಕಾಗದ ಹಾಕಿ ಕೈತೊಳೆದುಕೊಂಡರು. ಮನುಷ್ಯರಾ ಅವರು? ರಜೆ ಮುಗಿಯುವಷ್ಟರಲ್ಲಿ ಬಸ್ಸನ್ನೂ ಮಾರಿಬಿಟ್ಟಿದ್ದರು. ಕೊನೆಯ ಸಲ ಕೀಲಿ ತಿರುಗಿಸಿ ಇಳಿಯುವಾಗ ಅದು ಕೊನೆಯ ಸಲ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಮನೆ ಮುಂದಿನ ಕುರ್ಚಿಯಲ್ಲಿ ಕೂತ. ಹೊಸ ಬಸ್ಸು ಹಾಯುವ ಹೊತ್ತಿಗೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದ.

ಈ ಮಾರ್ಚಿನಲ್ಲಿ ಕ್ವಾರಿಯ ಒಡತಿ ಲವರ್ನ್ ಬಂದು, "ನಿನ್ ಹದಿನೇಳು ನನ್ ಹತ್ರ ಇದೆ ಕಣೋ, ಮೂವತ್ತಡಿ ಕೆಳಗೆ" ಅಂದಳು. ವೆಂಡೆಲ್ ಅವತ್ತೇ ಕುರ್ಚಿ ಬಿಟ್ಟು, ಬೇಸಿಗೆಯೆಲ್ಲ ಈಜುಕೊಳದಲ್ಲಿ ಸ್ಕೂಬಾ ಕಲಿತ. ಒಂದು ಸಲ ಆ ಸೀಟಿನಲ್ಲಿ ಕೂತು ಸರಿಯಾಗಿ ಬೀಳ್ಕೊಂಡು ಬರಬೇಕು. ಅಷ್ಟೇ ಆಸೆ.

ಕಟ್ಟೆಯ ಮೇಲೆ ಅವನು ರಬ್ಬರ್ ಬಟ್ಟೆಯೊಳಗೆ ತುರುಕಿದ ಸಾಸೇಜಿನ ಹಾಗೆ ಕೂತಿದ್ದ. ಸುತ್ತ ಸಲಹೆಗಾರರು.

"ಹಸು ಥರ ಆಕಳಿಸು" ಅಂದ, ನಿವೃತ್ತ ಹಲ್ಲಿನ ಡಾಕ್ಟರು ಆರ್ವಿಲ್. "ದವಡೆ ಆ ಕಡೆ, ಈ ಕಡೆ. ಹಾಂ, ಹಾಗೆ!"

"ಅವನ ದವಡೆ ಕಳಚಿ ಬಿದ್ರೆ ನೀನ್ ಕಟ್ಟಿಸ್ಕೊಡ್ತೀಯಾ?" ಲವರ್ನ್ ಡಾಕ್ಟರನ್ನು ತಳ್ಳಿ, ಬಿಸಿ ಮಾಡಿದ ಈರುಳ್ಳಿ ಚೂರನ್ನು ಬಟ್ಟೆಯಲ್ಲಿ ಸುತ್ತಿ ವೆಂಡೆಲ್‌ನ ಕಿವಿಗೆ ಒತ್ತಿದಳು. "ನಮ್ಮಜ್ಜಿ ಮದ್ದು. ಅಲ್ಲಾಡ್ಬೇಡ."

"ನನ್ನನ್ನೇನು ಪಲ್ಯ ಮಾಡ್ತೀಯೇನೆ?" ಅಂತ ವೆಂಡೆಲ್ ಕಿರುಚಿದ.

ಹೆಂಡತಿ ಡೋರೀನ್ ಮಾತ್ರ ದೂರದಲ್ಲಿ ಟವೆಲ್ ಹಿಡಿದು, ಉಗುರು ಕಚ್ಚುತ್ತ ನಿಂತಿದ್ದಳು. "ನೋವಾದ್ರೆ ಬಂದ್ಬಿಡು ಮಾರಾಯ. ಬಸ್ಸಿಗಿಂತ ಕಿವಿ ದೊಡ್ಡದು."

ಸ್ಕೂಬಾ ಕಲಿಸುವ ಡ್ವೇನ್ ಎಲ್ಲರನ್ನೂ ಚದುರಿಸಿ ಪಕ್ಕದಲ್ಲಿ ಕುಳಿತ. ಅವನು ಒಂದು ಕಾಲದಲ್ಲಿ ಅದೇ ಬಸ್ಸಿನಲ್ಲಿ ಶಾಲೆಗೆ ಹೋದವನು. "ಮಿಸ್ಟರ್ ಪ್ರೂಯಿಟ್, ಸ್ಟಾಪ್ ದಾಟಿದ್ಮೇಲೆ ಬ್ರೇಕ್ ಹಾಕ್ತಿದ್ರಾ ನೀವು?"

"ನಾನಾ? ಕಾಲು ಫರ್ಲಾಂಗ್ ಮುಂಚೇನೇ ಹಾಕ್ತಿದ್ದೆ!"

"ಕಿವಿಗೂ ಹಂಗೇ. ನೋವು ಬರೋಕ್ ಮುಂಚೇನೇ ಮೂಗು ಹಿಡ್ಕೊಂಡು ಮೆಲ್ಲಗೆ ಊದಿ. ಅಡಿ ಅಡಿಗೂ. ತಲೆ ಮೇಲೆ, ಕಾಲು ಕೆಳಗೆ. ಕಿವಿ ಬಿಡ್ಲಿಲ್ವಾ, ಎರಡಡಿ ಮೇಲೆ ಬನ್ನಿ. ಬಲವಂತ ಬೇಡ."

ಮೂರು ಗಂಟೆಗೆ ಇಬ್ಬರೂ ಹಗ್ಗ ಹಿಡಿದು ಇಳಿದರು. ಮೂರಡಿ, ಊದು. ಐದಡಿ, ಊದು. ಒಂಬತ್ತಕ್ಕೆ ಕಿವಿ ಮೊಂಡು ಹಿಡಿಯಿತು. ವೆಂಡೆಲ್ ಕಿವಿ ತೋರಿಸಿ, ಬಿಡುತ್ತಿಲ್ಲ ಅಂತ ಅಂಗೈ ಅಲ್ಲಾಡಿಸಿದ. ಎರಡಡಿ ಮೇಲೆ. ಕತ್ತು ಓರೆ ಮಾಡಿ, ಹಠಮಾರಿ ಮಗುವನ್ನು ಬಸ್ಸು ಹತ್ತಿಸುವ ತಾಳ್ಮೆಯಿಂದ ಮತ್ತೆ ಊದಿದ. ಒಳಗೆ ಇಲಿ ಕಿರುಗುಟ್ಟಿದ ಸದ್ದು. ಆಮೇಲೆ ಟಪ್!

ಆಹಾ! ಲೋಕವೇ ಬಾಗಿಲು ತೆಗೆದಂತಾಯಿತು.

ಹಸಿರು ಮಬ್ಬಿನಲ್ಲಿ ಬಸ್ಸು ಕಂಡಿತು. ಇಡೀ ಮೈ ಪಾಚಿ. ಹಣೆಯ ಮೇಲೆ ತಂತಿಯಲ್ಲಿ ಕಟ್ಟಿದ ತಗಡು ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು: 17. ಏಳರ ಹೊಟ್ಟೆಗೆ ಅಡ್ಡಗೆರೆ. ಈ ಊರಲ್ಲಿ ಹಾಗೆ ಏಳು ಬರೆಯುವವಳು ಒಬ್ಬಳೇ, ಅವನ ಮನೆಯ ಜಾಮ್ ಬಾಟಲಿಗಳ ಮೇಲೆ.

ವೆಂಡೆಲ್ ಕದವಿಲ್ಲದ ಬಾಗಿಲಿನಿಂದ ಒಳಗೆ ತೇಲಿ ಸೀಟಿನಲ್ಲಿ ಕೂತ. ಕೆಳಗೆ ನೋಡಿದ. ಮೂರು ಪೆಡಲು.

ತಾನೇ ಗೇರು ಬದಲಿಸಿಕೊಳ್ಳುತ್ತಿದ್ದ ಅವನ ಹದಿನೇಳಕ್ಕೆ ಕ್ಲಚ್ಚೇ ಇರಲಿಲ್ಲ.

ಡ್ವೇನ್‌ನತ್ತ ತಿರುಗಿದ. ಹುಡುಗ ಮಾಸ್ಕಿನೊಳಗೇ ಕಣ್ಣು ತಪ್ಪಿಸಿದ. ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು. ನಿಜವಾದ ಹದಿನೇಳು ಯಾವತ್ತೋ ಗುಜರಿಯಲ್ಲಿ ಪುಡಿಯಾಗಿದೆ. ಕುರ್ಚಿಯಿಂದ ಗಂಡನನ್ನು ಎಬ್ಬಿಸಲು ಡೋರೀನ್ ಯಾರದೋ ಬಸ್ಸನ್ನು ಅವನದು ಮಾಡಿದ್ದಾಳೆ.

ಆಮೇಲೆ ವೆಂಡೆಲ್ ಕೈ ಚಾಚಿ, ಬಾಗಿಲು ತೆರೆಯುವ ತುಕ್ಕುಹಿಡಿದ ಸನ್ನೆಕೋಲನ್ನು ಎಳೆದ. ಹೊರಗೆ ತೇಲುತ್ತಿದ್ದ ಡ್ವೇನ್ ಏನನ್ನೂ ಯೋಚಿಸದೆ ಒಳಬಂದು ಎರಡನೇ ಸೀಟಿನಲ್ಲಿ ಕೈಕಟ್ಟಿ ಕೂತ. ವೆಂಡೆಲ್ ಇಲ್ಲದ ಕನ್ನಡಿಯಲ್ಲಿ ಹಿಂದೆ ನೋಡಿ, ಇಲ್ಲದ ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಸ್ಟೀರಿಂಗ್ ಚಕ್ರವನ್ನು ಎರಡು ಸಲ ತಟ್ಟಿದ.

ಮೇಲೆ ಬಂದಾಗ ಕಟ್ಟೆಯ ತುಂಬ ಜನ. ಡೋರೀನ್ ಟವೆಲ್ ಹೊದಿಸಿದಳು.

"ನಿಂದೇನಾ?"

"ಮತ್ಯಾರದು?" ಅಂದ ವೆಂಡೆಲ್. "ಕ್ಲಚ್ ಒಂಚೂರು ಬಿಗಿ ಆಗಿದೆ, ಅಷ್ಟೇ."

ಡ್ವೇನ್‌ಗೆ ಕೆಮ್ಮು ಹತ್ತಿತು. ಕ್ಲಚ್ಚು ಯಾವುದು, ಹಾರ್ನು ಯಾವುದು ಅಂತ ತಿಳಿಯದ ಡೋರೀನ್ ಮಾತ್ರ ಅತ್ತುಕೊಂಡೇ ನಕ್ಕಳು.

ವೆಂಡೆಲ್‌ಗೆ ನಿರಾಳವಾಯಿತು. ಮುಗಿಯಿತು. ಇನ್ನು ಜನ್ಮದಲ್ಲಿ ಸ್ನಾನದ ತೊಟ್ಟಿಗಿಂತ ಆಳಕ್ಕೆ ಇಳಿಯುವುದಿಲ್ಲ.

"ನೋಡ್ದೇನೆ ಲವರ್ನ್, ನಾನ್ ಹೇಳ್ಲಿಲ್ವಾ? ನಗ್ತಾ ಬಂದ!" ಡೋರೀನ್ ಕಣ್ಣೊರೆಸಿಕೊಂಡು ಚೀಲದಿಂದ ಒಂದು ಕಾರ್ಡು ತೆಗೆದು ಅವನ ಒದ್ದೆ ಕೈಗಿಟ್ಟಳು. "ಏಪ್ರಿಲ್‌ನಿಂದ ಇಡೀ ಸೀಸನ್ನಿಗೆ ನಿನ್ ಹೆಸರು ಬರ್ಸಿದೀನಿ. ವಾರ ವಾರಾನೂ ಹೋಗಿ ನಿನ್ ಬಸ್ಸಲ್ಲಿ ಕೂತ್ಕೊಂಡು ಬಾ. ಆ ಕ್ಲಚ್ಚೂ ಸಡಿಲ ಮಾಡ್ಕೊ."