ಶ್ರೀಕಂಠ ಅಂಕಲ್ ದೀರ್ಘಾಯುಷ್ಯಕ್ಕೆ ನಾನು ಮಾಡಿದ ಕೋಲಿವಾ

"ಶಕುನಗಳೆಲ್ಲ ಸುಳ್ಳು" ಎಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೂರು ಸಲ ಕಪ್ ಗೆದ್ದವನು ನಾನು. ಒಂದು ಪಾತ್ರೆ ಗೋಧಿಗೆ ಹೆದರುತ್ತೇನೆಂದು ಯಾರಾದರೂ ಹೇಳಿದ್ದರೆ ಪುರಾವೆ ಕೇಳುತ್ತಿದ್ದೆ.

ಛಾಯಾಳನ್ನು ಮದುವೆಯಾಗಬೇಕೆಂಬುದು ನನ್ನ ಆಸೆ. ಅವಳ ತಂದೆ ಶ್ರೀಕಂಠ ಅಂಕಲ್ ಇನ್ನೂ ಹೂಂ ಅಂದಿರಲಿಲ್ಲ. "ಹುಡುಗ ಒಳ್ಳೆಯವನೇ. ಆದ್ರೆ ಕಾಫಿಗೆ ಸಕ್ಕರೆ ಬೇಕಾ ಅಂದ್ರೂ ವಾದಕ್ಕೆ ನಿಲ್ತಾನಲ್ಲಮ್ಮಾ!" ಎಂಬುದು ಅವರ ಆಕ್ಷೇಪಣೆ. ಟೆಕ್ಸಸ್ಸಿನ ಜಾರ್ಜ್‌ಟೌನ್‌ನ ಅವರ ಹೊಸ ಮನೆಯಲ್ಲಿ ಅರವತ್ತರ ಶಾಂತಿ ನಿಗದಿಯಾಯಿತು. ಅಡುಗೆಯಿಂದಲೇ ಅವರನ್ನು ಗೆಲ್ಲಲು ನಿರ್ಧರಿಸಿದೆ. ಎದೆನೋವು ಬಂದು ಹೋದ ಮೇಲೆ ಅಂಕಲ್‌ಗೆ ಮೆಡಿಟರೇನಿಯನ್ ಊಟದ ಹುಚ್ಚು. ಕ್ರೀಟ್ ದ್ವೀಪದವರು ಬಹುಕಾಲ ಬದುಕುತ್ತಾರಂತೆ. ಆದ್ದರಿಂದ ಕ್ರೀಟ್‌ನ ತಿನಿಸು ತಿಂದರೆ ಅಂಕಲ್ಲೂ ಬಹುಕಾಲ ಬದುಕುತ್ತಾರೆ. ತರ್ಕ ಭದ್ರ!

ತೊಡಕು ಒಂದೇ, ಛಾಯಾಳ ಅಮ್ಮನ ಮಡಿ. ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಕೂಡದು. ಸೋಸಿ ಸೋಸಿ ಕೊನೆಗೆ ಉಳಿದದ್ದು ಕೋಲಿವಾ: ಬೇಯಿಸಿದ ಗೋಧಿ, ದಾಳಿಂಬೆ, ದ್ರಾಕ್ಷಿ, ಎಳ್ಳು, ಮೇಲೆ ಸಕ್ಕರೆ ಪುಡಿಯ ಬಿಳಿ ಹೊದಿಕೆ. ಈರುಳ್ಳಿಯಿಲ್ಲ, ಎಳ್ಳುಂಟು ಎಂದಾಗಲೇ ನಮ್ಮ ಮನೆಗಳಲ್ಲಿ ಬೆಳೆದವನಿಗೆ ಗುಮಾನಿ ಬರಬೇಕಿತ್ತು. ಬರಲಿಲ್ಲ! ರೆಸಿಪಿಯ ಮೇಲಿದ್ದ ಉದ್ದನೆಯ ಕಥೆಯನ್ನು ಹಾರಿಸಿ ನೇರವಾಗಿ ಅಳತೆಗೆ ಇಳಿದೆ. "ಬಾದಾಮಿಯಿಂದ ಅವರ ಹೆಸರು ಬರೆಯಿರಿ" ಎಂದಿತ್ತು. ಸಮಾರಂಭ ಯಾರದ್ದೋ ಅವರದ್ದೇ ತಾನೇ? ಬಿಳಿ ದಿಬ್ಬದ ಮೇಲೆ "ಶ್ರೀಕಂಠ" ಎಂದು ಬರೆದೆ. ಠ ನಡುವಿನ ಚುಕ್ಕೆಗೆ ಒಂದು ದಾಳಿಂಬೆ ಕಾಳು.

ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯುವಾಗ ಕೆಳಮನೆಯ ಎಲೆನಿ ಅಜ್ಜಿ ಎದುರಾದರು. ಕ್ರೀಟ್‌ನವರೇ. ಸದಾ ಕಪ್ಪು ಬಟ್ಟೆ. ಪಾತ್ರೆ ನೋಡಿದ್ದೇ ಅವರ ನಗು ಆರಿತು.

"ಯಾರ ಹೆಸರು, ಮಗೂ?"

"ನನ್ನ ಗೆಳತಿಯ ತಂದೆಯದು."

"ವಯಸ್ಸು?"

"ಅರವತ್ತು."

"ಅಯ್ಯೋ, ಇಷ್ಟು ಬೇಗ!" ಎಂದು ನನ್ನ ಕೈ ಹಿಡಿದರು. ಟೆಕ್ಸಸ್ಸಿನ ಬಿಸಿಲಲ್ಲೂ ಆ ಬೆರಳುಗಳು ತಣ್ಣಗಿದ್ದವು. ಒಳಗಿಂದ ಹಳದಿ ಮೇಣದ ಸಣಕಲು ಕ್ಯಾಂಡಲ್ ತಂದು, "ನಡುವೆ ನೆಡು. ದಾರಿ ಕಾಣಲಿ" ಎಂದರು. ಹುಟ್ಟುಹಬ್ಬಕ್ಕೆ ಕ್ಯಾಂಡಲ್! ಎಂಥ ಸಂಸ್ಕಾರವಂತರು ಎಂದುಕೊಂಡೆ. ಯಾವ ದಾರಿ ಎಂದು ಕೇಳಲಿಲ್ಲ.

ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು ಹೊರಟೆ. ಕಾರು ಬೀಪ್ ಬೀಪ್ ಎಂದು ಬಡಿದುಕೊಳ್ಳತೊಡಗಿತು: ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕಿಲ್ಲ! ಶ್ರೀಕಂಠರಿಗೆ ಬೆಲ್ಟ್ ಕಟ್ಟಿದೆ. ಸುಮ್ಮನಾಯಿತು. ಆಮೇಲೆ ಎರಡೂವರೆ ಗಂಟೆ ನಾನು ಯಾಕೋ ಆ ಕಡೆ ನೋಡಲಿಲ್ಲ.

ಜಾರ್ಜ್‌ಟೌನ್‌ನಲ್ಲಿ ಕ್ಯಾಂಡಲ್ ಹಚ್ಚಿ ಪಾತ್ರೆಯನ್ನು ಅಂಕಲ್ ಮುಂದಿಟ್ಟೆ. "ಎಷ್ಟು ಚೆನ್ನಾಗಿದೆಯೋ! ರೆಸಿಪಿ ಕೊಡಪ್ಪ" ಎಂದರು ಆಂಟಿ. ಛಾಯಾ ನನ್ನ ಫೋನ್ ಕಸಿದು, ನಾನು ಹಾರಿಸಿದ್ದ ಕಥೆಯಿಂದಲೇ ಗಟ್ಟಿಯಾಗಿ ಓದತೊಡಗಿದಳು. "ಸತ್ತ ನಲವತ್ತನೇ ದಿನ, ಮೃತರ ಹೆಸರು ಬರೆದು..."

ಕಿಟಕಿ ಮುಚ್ಚಿತ್ತು. ಫ್ಯಾನ್ ನಿಂತಿತ್ತು. ಕ್ಯಾಂಡಲ್ ಆರಿತು. ಹೊಗೆ ಮೇಲೇಳದೆ ಅಂಕಲ್ ಕಡೆಗೇ ಬಾಗಿತು. ದಾಳಿಂಬೆ ಕಾಳಿನ ಕೆಂಪು ಮೆಲ್ಲಗೆ ಸಕ್ಕರೆಯೊಳಗೆ ಹರಡುತ್ತಿತ್ತು.

"ಕಾಕತಾಳೀಯ" ಎಂದೆ.

"ಶಾಂತಿ ದಿನ ಶ್ರಾದ್ಧದ ಅಡುಗೆ ತಂದ್ಯೇನೋ!" ಆಂಟಿ ಹಣೆ ಚಚ್ಚಿಕೊಂಡರು.

ಅಂಕಲ್ ಮಾತ್ರ ಚಮಚ ತುಂಬಿ ನನ್ನತ್ತ ಚಾಚಿದರು. "ಇದೆಲ್ಲ ಮೂಢನಂಬಿಕೆ ಅಂತ ನನ್ ತಲೆ ತಿಂದಿದ್ಯಲ್ಲಪ್ಪ. ತಗೋ, ಮೊದಲ ಚಮಚ ನಿಂದೇ."

ಚಮಚ ತುಟಿಯವರೆಗೆ ಬಂತು. ಬಾಯಿ ತೆರೆಯಲಿಲ್ಲ!

"ನಂಗೆ... ಬಾದಾಮಿ ಅಲರ್ಜಿ ಅಂಕಲ್."

"ಯಾವಾಗಿಂದ?" ಎಂದಳು ಛಾಯಾ. "ಮೊನ್ನೆ ನಮ್ಮನೇ ಬಾದಾಮಿ ಹಲ್ವಾ ಡಬ್ಬಿ ಖಾಲಿ ಮಾಡಿದ್ದು ಯಾರೋ?"

ಅಂಕಲ್ ನಕ್ಕು, ತಮ್ಮ ಹೆಸರಿನ ಮೊದಲಕ್ಷರವನ್ನು ತಾವೇ ಬಾಯಿಗೆ ಹಾಕಿಕೊಂಡರು. "ಸಕ್ಕರೆ ಒಂಚೂರು ಜಾಸ್ತಿ" ಎಂದರು. ಕಂಠದವರೆಗೂ ತಿಂದರು!

ಅಂದಿನಿಂದ ದಿನಾ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತೇನೆ. "ಇದ್ದೀನಪ್ಪ" ಎಂದು ಹೇಳಿ ಇಡುತ್ತಾರೆ. ಆಮೇಲೇ ನನ್ನ ಗಂಟಲಲ್ಲಿ ಕಾಫಿ ಇಳಿಯುವುದು. "ಹೆತ್ತ ಮಗನೂ ಹೀಗೆ ವಿಚಾರಿಸಲ್ಲ ಕಣ್ರೀ" ಎಂದು ಕರಗಿದ ಆಂಟಿ ಅಂಕಲ್ಲನ್ನು ಮದುವೆಗೆ ಒಪ್ಪಿಸಿದ್ದಾರೆ. ಅದು ಪ್ರೀತಿಯಲ್ಲ, ಪುಕ್ಕಲುತನ ಎಂದು ಇನ್ನೂ ಯಾರಿಗೂ ಹೇಳಿಲ್ಲ.