ಕುರ್ಚಿಗೆ ಹೆದರುತ್ತಿದ್ದ ನಮ್ಮ ಭಾವ

ನಮ್ಮ ಭಾವನವರು ಹುಲಿಗೆ ಹೆದರಿದವರಲ್ಲ, ಪ್ಲೇಗಿಗೂ ಹೆದರಿದವರಲ್ಲ. ಅವರು ಹೆದರುತ್ತಿದ್ದದ್ದು ಕುರ್ಚಿಗೆ!

ಶಿವಮೊಗ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅವರು ಯಾವುದೋ ಸೀಮೆಯ ಪಂಡಿತನ ತತ್ತ್ವದ ಪುಸ್ತಕ ಓದಿ ಹಾಳಾದರು. ಲೋಕದಲ್ಲಿ ವಸ್ತು ಅನ್ನುವುದೇ ಇಲ್ಲವಂತೆ, ಇರುವುದೆಲ್ಲ ಗುಣಗಳೇ ಅಂತೆ. ಕೆಂಪು, ಹುಳಿ, ಭಾರ, ಬಿಸಿ ಒಂದೆಡೆ ಕೂಡಿಕೊಂಡರೆ ನಾವು ಅದಕ್ಕೊಂದು ಹೆಸರಿಡುತ್ತೇವೆ, ಅಷ್ಟೇ. ಪಂಡಿತನೇನೋ ಬರೆದು ನೆಮ್ಮದಿಯಾಗಿದ್ದ. ಬೆವರಿದವರು ನಮ್ಮ ಭಾವ! ಒಳಗೆ ಹಿಡಿದಿಡುವ ವಸ್ತುವೇ ಇಲ್ಲದ ಮೇಲೆ ಗುಣಗಳು ಯಾವ ಗಳಿಗೆಯಲ್ಲಾದರೂ ಎದ್ದು ಹೋಗಬಹುದಲ್ಲ? ಕುರ್ಚಿಯ ಗಟ್ಟಿತನ ಹೊರಟುಹೋಗಿ ಬಣ್ಣ ಮಾತ್ರ ಉಳಿದಿದ್ದರೆ ಕೂತವನ ಗತಿ? ಅಂದಿನಿಂದ ಎರಡೂ ಕೈಯಲ್ಲಿ ಮೂರು ಸಲ ಒತ್ತಿ ನೋಡದೆ ಅವರು ಎಲ್ಲೂ ಕೂತವರಲ್ಲ. ಮದುವೆಮನೆಯ ಮಣೆಯನ್ನೂ ಒತ್ತಿದರು!

ಕಲಾಯಿಗೆ ಕೊಟ್ಟ ಪಾತ್ರೆ ಹೊಳೆಯುತ್ತಾ ಮನೆಗೆ ಬಂದಾಗ, ಇದರ ಬಣ್ಣ ಬೇರೆ, ಸದ್ದು ಬೇರೆ, ಆದ್ದರಿಂದ ಇದು ನಮ್ಮದಲ್ಲ ಎಂದು ಹಟ ಹಿಡಿದರು. ಕಳ್ಳತನದ ಆರೋಪ ಬಂತೆಂದು ಕಲಾಯಿ ಸಾಬರು ಆಣೆಯ ಮೇಲೆ ಆಣೆ ಇಟ್ಟರು. ಅಕ್ಕ ಪಾತ್ರೆ ಕಿತ್ತುಕೊಂಡು ಒಳಗೆ ಹೋದಳು. ಮಧ್ಯಾಹ್ನ ಭಾವನವರು ಅದೇ ಪಾತ್ರೆಯ ಸಾರನ್ನು ಎರಡು ಸಲ ಹಾಕಿಸಿಕೊಂಡರು.

ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಕಬ್ಬಿಣ ಕಂಡರಾದರೂ ಧೈರ್ಯ ಬಂದೀತೆಂದು ಅವರನ್ನು ಕರೆದೊಯ್ದು ಕುಲುಮೆ ತೋರಿಸಿದೆ. ನನ್ನ ಬುದ್ಧಿಗಿಷ್ಟು! ಕಬ್ಬಿಣ ಕೆಂಪಗೆ ನೀರಾಗಿ ಹರಿಯಿತು. ಭಾವನವರು ನನ್ನ ತೋಳನ್ನು ಬಿಗಿಯಾಗಿ ಹಿಡಿದರು.

"ನೋಡ್ದ್ಯೇನೋ ಮಾರಾಯ, ಗಟ್ಟಿತನ ಬಿಟ್ಟು ಹೋಯ್ತು."

ಊರಿಗೆ ಮರಳುವಾಗ ರೈಲೆಲ್ಲ ಕಬ್ಬಿಣವೆಂದು ಎತ್ತಿನ ಗಾಡಿ ಹತ್ತಿದರು. ಗಾಡಿಯ ಚಕ್ರಕ್ಕೂ ಕಬ್ಬಿಣದ ಪಟ್ಟಿಯಿದೆಯೆಂದು ಅರ್ಧ ದಾರಿಯಲ್ಲಿ ಹೊಳೆಯಿತು. ಉಳಿದರ್ಧ ನಡೆದರು. ನಗುತ್ತಿದ್ದ ನಾನೂ ಆಮೇಲೆ ಆಫೀಸಿನ ಕುರ್ಚಿಯನ್ನು ಕದ್ದು ಒತ್ತಿ ನೋಡತೊಡಗಿದೆ.

ಮರುವರ್ಷ ನಮ್ಮ ಮನೆಗೆ ಬಂದಿದ್ದ ಅಕ್ಕನಿಗೆ ವಿಷಮಶೀತ ಜ್ವರ ಹಿಡಿಯಿತು. ಭದ್ರಾವತಿಯ ಆಸ್ಪತ್ರೆಗೆ ಸೇರಿಸಿ ತಂತಿ ಕೊಟ್ಟೆ. ಭಾವನವರು ಅಂದಿನ ರೈಲಿನಲ್ಲೇ ಬಂದರು. ಡಾಕ್ಟರು ಒಳಗೆ ಬಿಡಲಿಲ್ಲ. ದಿನಾ ಹೊರಗೆ ಕಂಬದ ಹಾಗೆ ನಿಂತೇ ಇರುತ್ತಿದ್ದರು.

ಮೂರು ವಾರಕ್ಕೆ ಜ್ವರ ಇಳಿಯಿತು, ಡಾಕ್ಟರು ಒಳಗೆ ಬಿಟ್ಟರು. ಆದರೆ ಅಕ್ಕನ ಮೊಣಕಾಲುದ್ದದ ಕೂದಲು ಉದುರಿತ್ತು, ಬಣ್ಣ ಕಪ್ಪಿಟ್ಟಿತ್ತು, ಹಾಡುತ್ತಿದ್ದ ದನಿ ಒಡೆದುಹೋಗಿತ್ತು. ನಾನು ಮುಂದಾಗಿ ಹೋಗಿ ಭಾವ ಬರುತ್ತಾರೆ ಎಂದೊಡನೆ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಅವರನ್ನ ಕರೀಬೇಡ ಕಣೋ. ಪಾತ್ರೇನೇ ನಮ್ಮದಲ್ಲ ಅಂದೋರು."

ಅಷ್ಟರಲ್ಲಿ ಭಾವನವರು ಒಳಗೆ ಬಂದೇಬಿಟ್ಟರು. ಮೆಲ್ಲಗೆ ಸೆರಗು ಸರಿಸಿ ನೋಡಿದರು. ಅಳು ತಡೆಯಲಾಗಲಿಲ್ಲ ಅವರಿಗೆ.

"ಏನೇನು ಹೋದ್ರೂ ನೀನು ಉಳ್ಕೊಂಡ್ಯಲ್ಲ ಮಾರಾಯ್ತಿ," ಎಂದರು.

ಆಮೇಲೆ ಆ ಕಬ್ಬಿಣದ ಮಂಚವನ್ನು ಒಮ್ಮೆಯೂ ಒತ್ತಿ ನೋಡದೆ ಅವಳ ಪಕ್ಕದಲ್ಲಿ ಕೂತುಬಿಟ್ಟರು.